ಬಾಬಾಸಾಹೇಬರು ಯಾವ ಪಕ್ಷದವರು?



ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕೇರಿಗಳಲ್ಲಿ ಒಂದೇ ಪ್ರಶ್ನೆ: ನೀನು ಯಾವ ಪಕ್ಷ? ದೊಡ್ಡ ಪಕ್ಷದ ಶಾಲು ಹಾಕಿಕೊಂಡವನನ್ನು ಮಾರಿಕೊಂಡವನು ಅನ್ನುತ್ತೇವೆ. ಸಣ್ಣ ಪಕ್ಷದ ಬಾವುಟ ಹಿಡಿದವನನ್ನು ಕೆಲಸಕ್ಕೆ ಬಾರದವನು ಅನ್ನುತ್ತೇವೆ. ಒಟ್ಟಿಗೆ ಕೂತು ತ್ರಿಸರಣ ಹೇಳಿದ ಅಣ್ಣತಮ್ಮಂದಿರೇ ಮಾತು ಬಿಡುತ್ತಾರೆ. ಇಬ್ಬರೂ ಹೇಳುವುದು ಮಾತ್ರ ಬಾಬಾಸಾಹೇಬರ ಹೆಸರನ್ನೇ. ಹಾಗಾದರೆ ಅವರು ಯಾವ ಪಕ್ಷದವರು?

1936ರಲ್ಲಿ ಅವರು ಕಟ್ಟಿದ್ದು ಸ್ವತಂತ್ರ ಕಾರ್ಮಿಕ ಪಕ್ಷ. ಆ ಹೆಸರಿನಲ್ಲಿ ಜಾತಿ ಇರಲಿಲ್ಲ. 1937ರಲ್ಲಿ ಮುಂಬೈ ಪ್ರಾಂತ್ಯದ ಚುನಾವಣೆಯಲ್ಲಿ 14 ಸ್ಥಾನ ಬಂದವು. ಬೆಳಗಾವಿ ಕಡೆಯಿಂದ ಗೆದ್ದ ಬಳವಂತರಾವ್ ವರಾಳೆ ಅವರಲ್ಲೊಬ್ಬರು. ಕೊಂಕಣದ ಖೋತಿ ಜಮೀನ್ದಾರಿ ಪದ್ಧತಿ ತೆಗೆಯಬೇಕೆಂದು ಮಸೂದೆ ತಂದರು, ಸಾವಿರಾರು ರೈತರನ್ನು ಮುಂಬೈಗೆ ಕರೆತಂದು ಮೆರವಣಿಗೆ ಮಾಡಿಸಿದರು. 1938ರ ನವೆಂಬರ್‌ನಲ್ಲಿ ಮುಷ್ಕರದ ಹಕ್ಕನ್ನು ಮೊಟಕು ಮಾಡುವ ಕಾನೂನಿನ ವಿರುದ್ಧ, ತಾವು ಒಪ್ಪದ ಕಮ್ಯುನಿಸ್ಟರ ಜೊತೆಗೂ ನಿಂತರು.

1942ರಲ್ಲಿ ಕ್ರಿಪ್ಸ್ ಆಯೋಗ ಬಂತು. ಅಧಿಕಾರ ಹಸ್ತಾಂತರದ ಆ ಮಾತುಕತೆಯಲ್ಲಿ ಲೆಕ್ಕಕ್ಕೆ ಬಂದದ್ದು ಸಮುದಾಯಗಳು. ಕಾರ್ಮಿಕರೆಂಬ ಹೆಸರಿನಲ್ಲಿ ಹೋದರೆ ನಮ್ಮ ಜನರ ಪಾಲು ಕೇಳುವವರೇ ಇಲ್ಲವಾಗುತ್ತಾರೆಂದು ಬಾಬಾಸಾಹೇಬರಿಗೆ ಕಂಡಿತು. ಅದೇ ಜುಲೈನಲ್ಲಿ ನಾಗಪುರದಲ್ಲಿ ಪರಿಶಿಷ್ಟ ಜಾತಿಗಳ ಒಕ್ಕೂಟ ಹುಟ್ಟಿತು. ಅದೇ ತಿಂಗಳು ಅವರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ವಹಿಸಿಕೊಂಡರು. ಪಕ್ಷದ ಹೆಸರಿನಿಂದ ಕಾರ್ಮಿಕ ಹೋದ, ಕೆಲಸದಲ್ಲಿ ಉಳಿದ.

1946ರಲ್ಲಿ ಒಕ್ಕೂಟ ಸೋತಿತು. ಜೋಗೇಂದ್ರನಾಥ ಮಂಡಲರ ಬೆಂಬಲದಿಂದ ಬಂಗಾಳದ ಮೂಲಕ ಸಂವಿಧಾನ ಸಭೆ ಸೇರಿದರು. ದೇಶ ಇಬ್ಭಾಗವಾದಾಗ ಆ ಸ್ಥಾನವೂ ಹೋಯಿತು. ಆಗ ಮುಂಬೈಯಿಂದ ಅವರನ್ನು ಆರಿಸಿ ಕಳಿಸಿದ್ದು ಕಾಂಗ್ರೆಸ್. ಅಸ್ಪೃಶ್ಯರಿಗೆ ಆ ಪಕ್ಷ ಮಾಡಿದ್ದೇನು ಎಂದು ಲೆಕ್ಕ ಕೇಳಿ ಅವರು ಒಂದು ಇಡೀ ಪುಸ್ತಕ ಪ್ರಕಟಿಸಿ ಆಗಿನ್ನೂ ಎರಡೇ ವರ್ಷ. ಆದರೂ ಕಾನೂನು ಮಂತ್ರಿಯಾದರು, ಕಾಂಗ್ರೆಸ್ ಸದಸ್ಯರಾಗಲಿಲ್ಲ. ಸಂವಿಧಾನದ ಕರಡು ಬರೆಯುವ ಕೆಲಸ ಎದುರಿಗಿತ್ತು. ಅದಕ್ಕಾಗಿ ಕುರ್ಚಿ ಒಪ್ಪಿದರು.

1951ರ ಸೆಪ್ಟೆಂಬರ್ 27ರಂದು ಅದೇ ಕುರ್ಚಿಗೆ ರಾಜೀನಾಮೆ ಕೊಟ್ಟರು. ಕಾರಣಗಳು ಹಲವು. ದೊಡ್ಡದು, ಹೆಣ್ಣುಮಕ್ಕಳಿಗೆ ಆಸ್ತಿ ಮತ್ತು ವಿಚ್ಛೇದನದ ಹಕ್ಕು ಕೊಡುವ ಹಿಂದೂ ಸಂಹಿತೆ ಮಸೂದೆಯನ್ನು ಕೈಬಿಟ್ಟದ್ದು. ಮೊದಲ ಮಹಾ ಚುನಾವಣೆಗೆ ಉಳಿದಿದ್ದು ಕೆಲವೇ ತಿಂಗಳು. ಸುಮ್ಮನಿದ್ದಿದ್ದರೆ ಕುರ್ಚಿ ಉಳಿಯುತ್ತಿತ್ತೇನೋ. 1952ರಲ್ಲಿ ಉತ್ತರ ಮುಂಬೈನಲ್ಲಿ ಸುಮಾರು 14 ಸಾವಿರ ಮತಗಳಿಂದ ಸೋತರು. 1954ರಲ್ಲಿ ಭಂಡಾರಾದಲ್ಲಿ ಮತ್ತೆ ಸೋತರು.

ಕೊನೆಗೆ ಎಲ್ಲರಿಗೂ ಬಾಗಿಲು ತೆರೆದ ರಿಪಬ್ಲಿಕನ್ ಪಕ್ಷದ ಯೋಚನೆ ಮಾಡಿದರು. 1956ರ ಅಕ್ಟೋಬರ್ 14ರಂದು ನಮಗೆ ಧಮ್ಮ ಕೊಟ್ಟರು, ಡಿಸೆಂಬರ್ 6ರಂದು ಹೊರಟುಹೋದರು. ಪಕ್ಷ ಹುಟ್ಟಿದ್ದು 1957ರ ಅಕ್ಟೋಬರ್ 3ರಂದು, ಅವರಿಲ್ಲದೆ. ಕೆಲವೇ ವರ್ಷಗಳಲ್ಲಿ ಅದು ಬಣಗಳಾಗಿ ಒಡೆಯಿತು. ಪ್ರತಿ ಬಣವೂ ಹೆಸರು ತನ್ನದೇ ಎಂದಿತು.

ಮಜ್ಝಿಮ ನಿಕಾಯದಲ್ಲಿ ಭಗವಾನರು ಹೇಳಿದ ತೆಪ್ಪದ ದೃಷ್ಟಾಂತ ನಮಗೆಲ್ಲ ಗೊತ್ತು. ಹೊಳೆ ದಾಟಲು ತೆಪ್ಪ ಬೇಕು. ದಾಟಿದ ಮೇಲೆ ಅದನ್ನು ತಲೆ ಮೇಲೆ ಹೊತ್ತು ನಡೆಯುವುದು ಜಾಣತನವಲ್ಲ. ಭಗವಾನರು ಈ ಮಾತು ಹೇಳಿದ್ದು ಧಮ್ಮದ ಬಗ್ಗೆ. ಧಮ್ಮವೇ ತೆಪ್ಪವಾದರೆ, ಪಕ್ಷ ಇನ್ನೇನು?

ಆದರೆ ಇದನ್ನು ನೆಪ ಮಾಡಿಕೊಳ್ಳಬಾರದು. ಬಾಬಾಸಾಹೇಬರೂ ಪಕ್ಷ ಬದಲಿಸಿದರಲ್ಲ ಎಂದು ಹೇಳಿ ಬೆಳಿಗ್ಗೆ ಒಂದು ಶಾಲು, ಸಂಜೆ ಒಂದು ಶಾಲು ಹಾಕುವವರಿದ್ದಾರೆ. ಅವರು ತೆಪ್ಪ ಬದಲಿಸಿದ್ದು ಹೊಳೆ ಬದಲಾದಾಗ. ಸೇರಬೇಕಾದ ದಡ ಒಂದೇ ಇತ್ತು: ಸ್ವಾತಂತ್ರ್ಯ, ಸಮಾನತೆ, ಬಂಧುತ್ವ. ತೆಪ್ಪ ಆ ದಡಕ್ಕೆ ಹೋಗುವುದಿಲ್ಲ ಎಂದು ಕಂಡಾಗ ಇಳಿದರು, ನಷ್ಟವನ್ನು ತಾವೇ ತಿಂದರು.

ಕೊರಟಗೆರೆ, ಪಾವಗಡ ಮೀಸಲು ಕ್ಷೇತ್ರಗಳು. ಅಲ್ಲಿ ಯಾವ ಪಕ್ಷ ಗೆದ್ದರೂ ವಿಧಾನಸಭೆಗೆ ಹೋಗುವುದು ನಮ್ಮವರೇ. ಹಾಗಾಗಿ ಪಕ್ಷದ ಹೆಸರು ಕೇಳಿ ಸುಮ್ಮನಾದರೆ ಸಾಲದು. ಹಾಸ್ಟೆಲ್, ಸ್ಮಶಾನದ ಜಾಗ, ಜಮೀನಿನ ಹಕ್ಕುಪತ್ರ: ಇವುಗಳ ಮಾತು ಬಂದಾಗ ಬಾಯಿ ತೆರೆದರೋ ಇಲ್ಲವೋ ಎಂದೂ ಕೇಳಬೇಕು. ಕೆಲಸ ನಿಂತಾಗ ಕುರ್ಚಿ ಬಿಡುವ ಧೈರ್ಯ ಅವರಿಗಿದೆಯೇ, ಬಿಟ್ಟು ಬಂದವರ ಜೊತೆ ನಿಲ್ಲುವ ಧೈರ್ಯ ನಮಗಿದೆಯೇ?

ಇಂದಿನ ಅಭ್ಯಾಸ: ಬೇರೆ ಪಕ್ಷದಲ್ಲಿರುವ ಕಾರಣಕ್ಕೆ ಮಾತು ಬಿಟ್ಟ ಒಬ್ಬ ಬಂಧುವಿಗೆ ಫೋನ್ ಮಾಡಿ. ಪಕ್ಷದ ಮಾತು ಬೇಡ. ಕ್ಷೇಮ ಕೇಳಿ.

ನಮೋ ಬುದ್ಧಾಯ. ಜೈ ಭೀಮ್.