ಕಣ್ಣಿನ ಒಳಪದರದಲ್ಲಿ ಮಣಿಗಳನ್ನು ಕಂಡ ಡೊಂಡರ್ಸ್

ಊರ ಶಾಲೆಯಲ್ಲಿ ಕಣ್ಣಿನ ತಪಾಸಣೆ ಶಿಬಿರ ನಡೆಯುವ ದಿನ ಹಿರಿಯರು ಬೆಳಿಗ್ಗೆಯೇ ಬಂದು ಬೆಂಚಿನ ಮೇಲೆ ಸಾಲಾಗಿ ಕೂರುತ್ತಾರೆ. ಹೆಚ್ಚಿನವರಿಗೆ ಪೊರೆ ಬಂದಿರುತ್ತದೆ. ಆಪರೇಷನ್ ಆದರೆ ದೃಷ್ಟಿ ಮರಳುತ್ತದೆ. ಆದರೆ ಆ ಸಾಲಿನಲ್ಲಿ ಒಬ್ಬಿಬ್ಬರಿಗೆ ಡಾಕ್ಟರು ಬೇರೆಯೇ ಮಾತು ಹೇಳುವುದುಂಟು. ತೊಂದರೆ ಇರುವುದು ಕಣ್ಣಿನ ಹಿಂಬದಿಯ ಅಕ್ಷಿಪಟಲದಲ್ಲಿ, ಪೊರೆ ತೆಗೆದರೂ ಹೆಚ್ಚು ಪ್ರಯೋಜನವಾಗದು ಎಂದು. ಅಂಥವರು ಅಂಗಳದಲ್ಲಿ ಯಾರ ಕೈಯನ್ನೂ ಹಿಡಿಯದೆ ನಡೆದಾಡಬಲ್ಲರು. ಎದುರಿಗೆ ನಿಂತ ಮೊಮ್ಮಗನ ಮುಖ ಮಾತ್ರ ಅವರಿಗೆ ಸರಿಯಾಗಿ ಕಾಣದು. ಅಕ್ಷಿಪಟಲದ ನಟ್ಟನಡುವಿನ ಮ್ಯಾಕ್ಯುಲಾ ಎಂಬ ಪುಟ್ಟ ಜಾಗ ಸವೆದಿರುವುದೇ ಇದಕ್ಕೆ ಕಾರಣ.

ವಯಸ್ಸಾದವರನ್ನು ಕಾಡುವ ಈ ಕಾಯಿಲೆಯ ಮೊದಲ ಗುರುತನ್ನು 1855ರಷ್ಟು ಹಿಂದೆಯೇ ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದಿಟ್ಟವರು ಹಾಲೆಂಡಿನ ವೈದ್ಯ ಫ್ರಾನ್ಸಿಸ್ಕಸ್ ಕಾರ್ನೆಲಿಯಸ್ ಡೊಂಡರ್ಸ್. ಕನ್ನಡಕದ ಶಾಸ್ತ್ರವನ್ನು ಕಟ್ಟಿದವರೆಂದು ಅವರು ಜಗತ್ತಿಗೆಲ್ಲ ಪರಿಚಿತರು. ಈ ಇನ್ನೊಂದು ಕೆಲಸ ಅಷ್ಟಾಗಿ ಜನರಿಗೆ ತಿಳಿದಿಲ್ಲ.

ಡೊಂಡರ್ಸ್ ಹುಟ್ಟಿದ್ದು 1818ರ ಮೇ 27ರಂದು, ದಕ್ಷಿಣ ಹಾಲೆಂಡಿನ ಟಿಲ್‌ಬರ್ಗ್ ಎಂಬ ಊರಿನಲ್ಲಿ. ಎಂಟು ಹೆಣ್ಣುಮಕ್ಕಳ ನಂತರ ಹುಟ್ಟಿದ ಒಬ್ಬನೇ ಮಗ. ಮಗು ಎಳೆಯದಿರುವಾಗಲೇ ತಂದೆ ತೀರಿಕೊಂಡರು. ತಾಯಿ ಮತ್ತು ಅಕ್ಕಂದಿರ ಆರೈಕೆಯಲ್ಲಿ ಬೆಳೆದ ಹುಡುಗನಿಗೆ ಹನ್ನೆರಡು ವರ್ಷವಾದಾಗ, 1830ರಲ್ಲಿ, ಬೆಲ್ಜಿಯಂ ಪ್ರತ್ಯೇಕ ದೇಶವಾಗಿ ಒಡೆದುಕೊಂಡಿತು. ಅದುವರೆಗೆ ನಾಡಿನ ನಡುವೆ ಇದ್ದ ಟಿಲ್‌ಬರ್ಗ್ ಗಡಿಯ ಊರಾಯಿತು. ಗೆರೆ ಎಳೆದವರು ಬೇರೆಲ್ಲೋ ಇದ್ದು, ಅದರ ಪಕ್ಕದಲ್ಲಿ ಬದುಕುವವರು ಬೇರೆಯೇ ಇರುವ ಸಂಗತಿ ನಮ್ಮ ಓದುಗರಿಗೆ ಹೊಸದೇನಲ್ಲ.

ಹದಿನೇಳನೆಯ ವಯಸ್ಸಿನಲ್ಲಿ ಅವರು ಯುಟ್ರೆಕ್ಟ್ ನಗರದ ಮಿಲಿಟರಿ ವೈದ್ಯಕೀಯ ಶಾಲೆ ಸೇರಿದರು. 1840ರಲ್ಲಿ ಲೈಡನ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದು, ಕೆಲಕಾಲ ಸೈನ್ಯದ ವೈದ್ಯರಾಗಿ ದುಡಿದರು. 1842ರಲ್ಲಿ ತಾವು ಕಲಿತ ಮಿಲಿಟರಿ ಶಾಲೆಗೇ ಅಧ್ಯಾಪಕರಾಗಿ ಮರಳಿದರು. ಮದುವೆಯಾದ ಮೇಲೆ ಸಂಬಳ ಸಾಲದೆ, ಮೇಲುಸಂಪಾದನೆಗಾಗಿ ಅನುವಾದದ ಕೆಲಸ ಹಿಡಿದರು. ಆಗ ಅವರ ಕೈಗೆ ಬಂದದ್ದು ರೂಟೆ ಎಂಬ ಜರ್ಮನ್ ವೈದ್ಯ ಬರೆದ ಕಣ್ಣಿನ ಚಿಕಿತ್ಸೆಯ ದೊಡ್ಡ ಗ್ರಂಥ. ಅದನ್ನು ಡಚ್ ಭಾಷೆಗೆ ತರುತ್ತಾ ತರುತ್ತಾ ಅವರ ಮನಸ್ಸು ಕಣ್ಣಿನ ಕಡೆಗೆ ತಿರುಗಿತು. ನೆರೆಯ ಭಾಷೆ ಗೊತ್ತಿದ್ದುದೇ ಒಬ್ಬ ಮನುಷ್ಯನ ಬದುಕಿನ ದಿಕ್ಕನ್ನು ಬದಲಿಸಿದ ಉದಾಹರಣೆ ಇದು. 1847ರಲ್ಲಿ ಯುಟ್ರೆಕ್ಟ್ ವಿಶ್ವವಿದ್ಯಾಲಯ ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆದುಕೊಂಡಿತು.

1851 ಅವರ ಪಾಲಿಗೆ ಮಹತ್ವದ ವರ್ಷ. ಲಂಡನ್ನಿನಲ್ಲಿ ಮಹಾ ವಸ್ತುಪ್ರದರ್ಶನ ನಡೆದ ಆ ವರ್ಷ ಡೊಂಡರ್ಸ್ ಅಲ್ಲಿಗೆ ಹೋದರು. ಬರ್ಲಿನ್ನಿನ ಅಲ್ಬ್ರೆಕ್ಟ್ ಫಾನ್ ಗ್ರೇಫೆ ಮತ್ತು ಲಂಡನ್ನಿನ ವಿಲಿಯಂ ಬೌಮನ್ ಎಂಬ ಇಬ್ಬರು ನೇತ್ರವೈದ್ಯರ ಪರಿಚಯವಾಯಿತು. ಮೂವರೂ ಮೂರು ದೇಶದವರು, ಮೂರು ಭಾಷೆಯವರು. ಆದರೂ ಆ ಸ್ನೇಹ ಜೀವನದುದ್ದಕ್ಕೂ ಉಳಿಯಿತು. ಜೀವಂತ ಮನುಷ್ಯನ ಕಣ್ಣಿನ ಒಳಗೆ ಬೆಳಕು ಹಾಯಿಸಿ ನೋಡುವ ಉಪಕರಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಪ್ರಕಟಿಸಿದ್ದೂ ಅದೇ ವರ್ಷ. ಡೊಂಡರ್ಸ್ ಅದನ್ನು ಬೇಗನೆ ಕೈಗೆತ್ತಿಕೊಂಡವರಲ್ಲಿ ಒಬ್ಬರು. ಗ್ರೇಫೆ ಆರಂಭಿಸಿದ ನೇತ್ರವಿಜ್ಞಾನದ ಪತ್ರಿಕೆಗೆ ಡೊಂಡರ್ಸ್ ಕೂಡ ಸಂಪಾದಕರಾದರು. ಅವರು ಕಂಡ ಮಣಿಗಳ ವಿಷಯ ಅಚ್ಚಾದದ್ದು ಆ ಪತ್ರಿಕೆಯಲ್ಲೇ.

ಆ ಮಣಿಗಳು ಏನೆಂದು ತಿಳಿಯಲು ಕಣ್ಣಿನ ರಚನೆಯನ್ನು ಸ್ವಲ್ಪ ನೋಡಬೇಕು. ಬೆಳಕನ್ನು ಹಿಡಿಯುವ ಜೀವಕೋಶಗಳು ಅಕ್ಷಿಪಟಲದಲ್ಲಿವೆ. ಅವುಗಳ ಹಿಂದೆ ಕಪ್ಪುಬಣ್ಣದ ಕೋಶಗಳ ಒಂದೇ ಒಂದು ಸಾಲು. ಅವು ಬೆಳಕಿನ ಕೋಶಗಳಿಗೆ ಆಹಾರ ಕೊಡುತ್ತವೆ, ಸವೆದ ಚೂರುಗಳನ್ನು ನುಂಗಿ ಸ್ವಚ್ಛ ಮಾಡುತ್ತವೆ. ಅದರ ಹಿಂದೆ ರಕ್ತನಾಳಗಳ ದಟ್ಟ ಜಾಲ. ಕಪ್ಪು ಕೋಶಗಳಿಗೂ ರಕ್ತನಾಳಗಳಿಗೂ ನಡುವೆ ಇರುವುದು ಒಂದು ತೆಳುವಾದ ಪದರ. ಜರ್ಮನಿಯ ಕಾರ್ಲ್ ಬ್ರೂಕ್ 1844ರಲ್ಲಿ ಅದನ್ನು ವರ್ಣಿಸಿದ್ದರಿಂದ ಬ್ರೂಕ್ ಪದರ ಎಂದೇ ಹೆಸರು. ಅದರ ದಪ್ಪ ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಎರಡರಿಂದ ನಾಲ್ಕು ಭಾಗದಷ್ಟು ಮಾತ್ರ. ಹಾಲು ಸೋಸುವ ಬಟ್ಟೆಯಂತೆ ಅದು ಕೆಲಸ ಮಾಡುತ್ತದೆ. ರಕ್ತದಿಂದ ಆಹಾರ ಈಚೆ ಬರಬೇಕು, ಕಸ ಆಚೆ ಹೋಗಬೇಕು.

ಡೊಂಡರ್ಸ್ ತೀರಿಕೊಂಡವರ ಕಣ್ಣುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಪರೀಕ್ಷಿಸಿದಾಗ ಈ ಪದರದ ಮೇಲೆ ಸಣ್ಣ ಸಣ್ಣ ಗುಂಡು ಮಣಿಗಳು ಅಂಟಿಕೊಂಡಿದ್ದವು. ಅವನ್ನು ಅಂಟಿನಂಥ ವಸ್ತುವಿನ ಗುಂಡುಗಳೆಂದು ಕರೆದು 1855ರಲ್ಲಿ ಪ್ರಕಟಿಸಿದರು. ಕಪ್ಪು ಕೋಶಗಳೇ ಕೆಟ್ಟು ಮಣಿಗಳಾಗಿ ಮಾರ್ಪಡುತ್ತವೆ ಎಂಬುದು ಅವರ ಊಹೆ. ಮರುವರ್ಷವೇ ಹೈನ್ರಿಚ್ ಮ್ಯುಲರ್ ಎಂಬ ಜರ್ಮನ್ ವಿಜ್ಞಾನಿ ಅದನ್ನು ಒಪ್ಪದೆ, ಕೋಶಗಳು ಹೊರಹಾಕಿದ ವಸ್ತು ಅಲ್ಲಿ ಸಂಗ್ರಹವಾಗುತ್ತದೆ ಎಂದು ವಾದಿಸಿದರು. ಇಂದಿನ ತಿಳಿವಳಿಕೆ ಮ್ಯುಲರ್ ಕಡೆಗೇ ಹೆಚ್ಚು ವಾಲುತ್ತದೆ. ಮಣಿಗಳಿಗೆ ಈಗ ಡ್ರೂಸನ್ ಎಂಬ ಜರ್ಮನ್ ಹೆಸರೇ ಬಳಕೆಯಲ್ಲಿದೆ. ಡೊಂಡರ್ಸ್ ಕೊಟ್ಟ ಕಾರಣ ತಪ್ಪಿರಬಹುದು, ಆದರೆ ಅವರು ನೋಡಿದ್ದು ತಪ್ಪಾಗಿರಲಿಲ್ಲ.

ವಯಸ್ಸಾದಂತೆ ಬ್ರೂಕ್ ಪದರ ದಪ್ಪವಾಗುತ್ತದೆ, ಅದರಲ್ಲಿ ಕೊಬ್ಬು ಸೇರಿಕೊಳ್ಳುತ್ತದೆ, ಸೋಸುವ ಶಕ್ತಿ ಕುಗ್ಗುತ್ತದೆ. ಆಚೆ ಹೋಗಲಾರದ ಕಸ ಮಣಿಗಳಾಗಿ ನಿಲ್ಲುತ್ತದೆ. ಚಿಕ್ಕ ಮಣಿಗಳು ಒಂದೆರಡಿದ್ದರೆ ಅದು ನರೆಗೂದಲಿನಂತೆ ವಯಸ್ಸಿನ ಗುರುತಷ್ಟೆ. ಮಿಲಿಮೀಟರಿನ ಎಂಟರಲ್ಲೊಂದು ಭಾಗಕ್ಕಿಂತ ದೊಡ್ಡವು ಮ್ಯಾಕ್ಯುಲಾದಲ್ಲಿ ಗುಂಪುಗೂಡಿದರೆ ಅಪಾಯ. ಕೆಲವರಲ್ಲಿ ಅಲ್ಲಿನ ಕೋಶಗಳು ನಿಧಾನವಾಗಿ ಸಾಯುತ್ತವೆ. ಇದು ಒಣ ರೀತಿ. ಇನ್ನು ಕೆಲವರಲ್ಲಿ ಹೊಸ ರಕ್ತನಾಳಗಳು ಪದರವನ್ನು ಸೀಳಿ ಒಳನುಗ್ಗಿ ಸೋರುತ್ತವೆ. ಇದು ಒದ್ದೆ ರೀತಿ, ವಾರಗಳಲ್ಲೇ ದೃಷ್ಟಿ ಕೆಡಿಸಬಲ್ಲದು.

ಇದೆಲ್ಲ ಡೊಂಡರ್ಸ್ ಕಾಲದಲ್ಲಿ ಗೊತ್ತಿರಲಿಲ್ಲ. 1874ರಲ್ಲಿ ಲಂಡನ್ನಿನ ಹಚಿನ್ಸನ್ ಮತ್ತು ಟೇ ಎಂಬ ವೈದ್ಯರು ವೃದ್ಧರ ಕಣ್ಣಿನಲ್ಲಿ ಈ ಕಾಯಿಲೆಯನ್ನು ಗುರುತಿಸಿ ಬರೆದರು. ಮಣಿಗಳಿಗೂ ಒದ್ದೆ ರೀತಿಯ ಕಾಯಿಲೆಗೂ ಇರುವ ನಂಟನ್ನು 1967ರಲ್ಲಿ ಅಮೆರಿಕದ ಡೊನಾಲ್ಡ್ ಗ್ಯಾಸ್ ಸ್ಪಷ್ಟಪಡಿಸಿದರು. ನೋಡಿದ್ದಕ್ಕೂ ಅದರ ಅರ್ಥ ತಿಳಿದದ್ದಕ್ಕೂ ನಡುವೆ ನೂರಕ್ಕೂ ಹೆಚ್ಚು ವರ್ಷ.

ಆ ಮಣಿಗಳಿಗೆ ತಮ್ಮ ಬಳಿ ಮದ್ದಿಲ್ಲವೆಂದು ಡೊಂಡರ್ಸ್ ಕೈಕಟ್ಟಿ ಕೂರಲಿಲ್ಲ. ಮದ್ದು ಇರುವ ಕಡೆ ದುಡಿದರು. ಬಡ ಕಣ್ಣುರೋಗಿಗಳಿಗಾಗಿ ದಾನಿಗಳ ನೆರವಿನಿಂದ 1858ರಲ್ಲಿ ಯುಟ್ರೆಕ್ಟಿನಲ್ಲಿ ಆಸ್ಪತ್ರೆ ತೆರೆದರು. ಅಲ್ಲಿಗೆ ಬಂದವರ ಕಣ್ಣುಗಳನ್ನು ಅಳೆದು, ವಯಸ್ಸಿನ ಚಾಳೀಸು ಬೇರೆ, ಹುಟ್ಟಿನಿಂದಲೇ ಇರುವ ದೂರದೃಷ್ಟಿ ಬೇರೆ ಎಂದು ಬಿಡಿಸಿ ತೋರಿಸಿದರು. 1864ರಲ್ಲಿ ಲಂಡನ್ನಿನಿಂದ ಇಂಗ್ಲಿಷಿನಲ್ಲಿ ಬಂದ ಅವರ ಗ್ರಂಥ ಕನ್ನಡಕ ಕೊಡುವುದನ್ನು ಲೆಕ್ಕಾಚಾರದ ವಿದ್ಯೆಯನ್ನಾಗಿಸಿತು. ಶಿಬಿರಗಳಲ್ಲಿ ಗೋಡೆಗೆ ನೇತುಹಾಕುವ, ಮೇಲಿನಿಂದ ಕೆಳಕ್ಕೆ ಸಣ್ಣದಾಗುವ ಅಕ್ಷರಗಳ ಪಟವನ್ನು 1862ರಲ್ಲಿ ರೂಪಿಸಿದ ಸ್ನೆಲೆನ್ ಅವರ ಶಿಷ್ಯರೇ.

ಮನೆಯ ದುಃಖವೂ ಅವರನ್ನು ಬಿಡಲಿಲ್ಲ. ಒಬ್ಬಳೇ ಮಗಳು ಮಾರಿ, ಅವರ ಸಹಾಯಕ ಎಂಗೆಲ್ಮಾನ್‌ರನ್ನು ಮದುವೆಯಾದ ಸ್ವಲ್ಪ ಕಾಲದಲ್ಲೇ ಹೆರಿಗೆಯಲ್ಲಿ ತೀರಿಕೊಂಡಳು. 1870ರಲ್ಲಿ ಆಪ್ತಮಿತ್ರ ಗ್ರೇಫೆ 42ನೆಯ ವಯಸ್ಸಿಗೇ ಕಣ್ಮುಚ್ಚಿದರು. ಡೊಂಡರ್ಸ್ ಪಾಠ ನಿಲ್ಲಿಸಲಿಲ್ಲ. 1888ರಲ್ಲಿ 70 ತುಂಬಿ ನಿವೃತ್ತರಾದಾಗ ಹಲವು ದೇಶಗಳ ವೈದ್ಯರು ಗೌರವ ಸಲ್ಲಿಸಿದರು. 1889ರ ಮಾರ್ಚ್ 24ರಂದು ಯುಟ್ರೆಕ್ಟಿನಲ್ಲಿ ನಿಧನರಾದರು. ಆ ನಗರದಲ್ಲಿ ಅವರ ಪ್ರತಿಮೆ ಇದೆ.

ಈಗ ಆ ಪದರವನ್ನು ನೋಡಲು ಮನುಷ್ಯ ತೀರಿಕೊಳ್ಳಬೇಕಾಗಿಲ್ಲ. ಓಸಿಟಿ ಎಂಬ ಯಂತ್ರದ ಮುಂದೆ ಕೆಲವು ನಿಮಿಷ ಕುಳಿತರೆ ಮಣಿಗಳು ತೆರೆಯ ಮೇಲೆ ಕಾಣುತ್ತವೆ. ಒದ್ದೆ ರೀತಿಗೆ ಕಣ್ಣಿನೊಳಗೆ ಕೊಡುವ ಚುಚ್ಚುಮದ್ದು 2006ರ ಸುಮಾರಿಗೆ ಬಳಕೆಗೆ ಬಂತು. ಬೇಗ ಕೊಟ್ಟರೆ ಉಳಿದ ದೃಷ್ಟಿಯನ್ನು ಕಾಪಾಡಬಹುದು. ತಡವಾದರೆ ಹೋದದ್ದು ಮರಳುವುದು ಕಷ್ಟ. ಬೀಡಿ ಸಿಗರೇಟು ಈ ಕಾಯಿಲೆಯನ್ನು ಹೆಚ್ಚಿಸುತ್ತದೆ ಎಂಬುದೂ ಖಚಿತವಾಗಿದೆ.

ಆದ್ದರಿಂದ ಮನೆಯ ಹಿರಿಯರು ಬಾಗಿಲಿನ ಚೌಕಟ್ಟು ಸೊಟ್ಟಗೆ ಕಾಣುತ್ತದೆ, ಓದುವ ಸಾಲಿನ ನಡುವೆ ಅಕ್ಷರ ಮಾಯವಾಗುತ್ತದೆ ಎಂದರೆ, ವಯಸ್ಸಾಯಿತು ಬಿಡಿ ಎಂದು ಸುಮ್ಮನಾಗಬಾರದು. ಒಂದೊಂದೇ ಕಣ್ಣು ಮುಚ್ಚಿ ನೋಡಲು ಹೇಳಿ, ವ್ಯತ್ಯಾಸವಿದ್ದರೆ ಮುಂದಿನ ಶಿಬಿರಕ್ಕೆ ಕಾಯದೆ ಅಕ್ಷಿಪಟಲದ ತಜ್ಞರಲ್ಲಿಗೆ ಕರೆದೊಯ್ಯಬೇಕು. ಉಪಯೋಗವೇನೆಂದು ತಿಳಿಯದ ಕಾಲದಲ್ಲೇ ಡೊಂಡರ್ಸ್ ಕಂಡದ್ದನ್ನು ಬರೆದಿಟ್ಟರು. ಉಪಯೋಗ ತಿಳಿದಿರುವ ನಾವು ಕಂಡೂ ಕಾಣದಂತೆ ಇರುವುದು ತರವಲ್ಲ.