ಹಳ್ಳಿಗಳನ್ನು ಆಕಾಶದಿಂದ ಜೋಡಿಸಿದ ಡಾ. ವಿಕ್ರಮ್ ಸಾರಾಭಾಯಿ

ಗೆಳೆಯ ಗೆಳತಿಯರೇ, ಈ ಸಲದ ಭಿತ್ತಿ ಪತ್ರಿಕೆಗೆ ನಾನು ವಿಜ್ಞಾನಿ ಡಾ. ವಿಕ್ರಮ್ ಸಾರಾಭಾಯಿ ಅವರ ಜೀವನವನ್ನು ಬರೆಯುತ್ತಿದ್ದೇನೆ. ಅವರು ರಾಕೆಟ್ ಹಾರಿಸಿದ್ದು ನಮಗೆಲ್ಲ ಗೊತ್ತೈತಿ. ಆದರೆ ಹಳ್ಳಿಗಳನ್ನು ಜೋಡಿಸುವ ಜಾಲದ ಬಗ್ಗೆ ಅವರು ಮಾಡಿದ ವಿಚಾರ ನನಗೆ ರಾಕೆಟ್‌ಗಿಂತ ದೊಡ್ಡದು ಅನಿಸಿತು.

ಸಾರಾಭಾಯಿ ಅವರು 1919ನೇ ಇಸವಿ ಆಗಸ್ಟ್ 12ರಂದು ಅಹಮದಾಬಾದಿನಲ್ಲಿ ಜನಿಸಿದರು. ತಂದೆ ಅಂಬಾಲಾಲ್, ತಾಯಿ ಸರಳಾದೇವಿ. ತಂದೆ ಗಿರಣಿ ಮಾಲೀಕರು, ದೊಡ್ಡ ಶ್ರೀಮಂತರು. ವಿಕ್ರಮ್ ಸುಮ್ಮನೆ ಕುಂತು ಉಂಡಿದ್ದರೂ ನಡೀತಿತ್ತು. ಆದರೆ ಅವರು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಓದಲು ಹೋದರು. ಎರಡನೇ ಮಹಾಯುದ್ಧ ಶುರುವಾದ್ದರಿಂದ ಭಾರತಕ್ಕೆ ಮರಳಿದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಕೈಕೆಳಗೆ ವಿಶ್ವಕಿರಣಗಳ ಅಭ್ಯಾಸ ಮಾಡಿದರು. 1947ರಲ್ಲಿ ಅಹಮದಾಬಾದಿನಲ್ಲಿ ಭೌತವಿಜ್ಞಾನ ಸಂಶೋಧನಾಲಯ ಸ್ಥಾಪಿಸಿದರು.

ಕೇರಳದ ತುಂಬಾ ಎಂಬ ಮೀನುಗಾರರ ಊರಿನಲ್ಲಿ ರಾಕೆಟ್ ಕೇಂದ್ರ ಆಯಿತು. ಅಲ್ಲಿಯ ಚರ್ಚೇ ಆಫೀಸು. ರಾಕೆಟಿನ ಭಾಗಗಳನ್ನು ಸೈಕಲ್ ಮೇಲೆ ಒಯ್ಯುತ್ತಿದ್ದರು! 1963ರ ನವೆಂಬರ್ 21ರಂದು ಅಲ್ಲಿಂದ ಮೊದಲನೇ ರಾಕೆಟ್ ಹಾರಿತು. 1969ರ ಆಗಸ್ಟ್ 15ರಂದು ಇಸ್ರೋ ಸಂಸ್ಥೆ ಹುಟ್ಟಿತು.

ಬಡ ದೇಶಕ್ಕೆ ಇದೆಲ್ಲ ಯಾಕ ಬೇಕು ಅಂತ ಆಗ ಬಹಳ ಮಂದಿ ಕೇಳುತ್ತಿದ್ದರು. ಚಂದ್ರನ ಮ್ಯಾಲೆ ಹೋಗಿ ದೊಡ್ಡ ದೇಶಗಳ ಜೊತೆ ಪೈಪೋಟಿ ಮಾಡೋದು ಸಾರಾಭಾಯಿಯವರ ಆಸೆ ಆಗಿರಲಿಲ್ಲ. ವಿಜ್ಞಾನ ಬಡವರ ಕೆಲಸಕ್ಕೆ ಬರಬೇಕು ಎಂಬುದೇ ಅವರ ಹಟ.

ಈಗ ಜಾಲದ ವಿಷಯಕ್ಕೆ ಬರುತ್ತೇನೆ. ನಮ್ಮೂರ ನಳದ ನೀರು ನೆನೆಸಿಕೊಳ್ಳಿರಿ. ಪೈಪಿನ ಬುಡದಾಗ ಇರೋ ಮನೀಗೆ ನೀರು ಮೊದಲು, ಕಡೀ ಓಣಿಗೆ ಕಡೀಗೆ. ತಂತಿಯ ಜಾಲವೂ ಹಂಗ. ಹುಬ್ಬಳ್ಳಿಗೆ ಬರಬೇಕು, ಆಮೇಲೆ ಕುಂದಗೋಳ, ಆಮೇಲೆ ನಮ್ಮ ಯರಗುಪ್ಪಿ. ಹಳ್ಳಿಯ ಪಾಳಿ ಯಾವಾಗಲೂ ಕಡೀಗೇ. ಸಾರಾಭಾಯಿ ಇದನ್ನು ತಲೆಕೆಳಗು ಮಾಡಿದರು. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಒಂದು ಉಪಗ್ರಹ ಇದ್ದರೆ ಅದು ಭೂಮಿಯ ಜೊತೆಗೇ ತಿರುಗುತ್ತದೆ. ಹಾಗಾಗಿ ನಮಗೆ ಒಂದೇ ಕಡೆ ನಿಂತಂತೆ ಕಾಣುತ್ತದೆ. ಅದಕ್ಕೆ ದಿಲ್ಲಿಯೂ ಒಂದೇ, ಹಳ್ಳಿಯೂ ಒಂದೇ. ಕಡೀ ಓಣಿ ಎಂಬುದೇ ಇಲ್ಲ.

1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದ ಆಯಿತು. ಅವರ ಉಪಗ್ರಹವನ್ನು ಒಂದು ವರ್ಷ ನಮಗೆ ಕಡ ಕೊಡುವುದು ಅಂತ. ಆದರೆ 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ಸಾರಾಭಾಯಿ ತೀರಿಕೊಂಡರು. ವಯಸ್ಸು ಬರೇ 52. ತಮ್ಮ ಜಾಲ ನಡೆಯುವುದನ್ನು ಅವರು ನೋಡಲಿಲ್ಲ. ಇದನ್ನು ಓದುವಾಗ ನನಗೆ ಬಹಳ ಕೆಟ್ಟನಿಸಿತು.

ಅವರ ಕೆಲಸ ಮಾತ್ರ ನಿಲ್ಲಲಿಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿ.ವಿ. ಇಟ್ಟರು. ನಮ್ಮ ರಾಜ್ಯದಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಇದ್ದವು. ಅಹಮದಾಬಾದ್, ದಿಲ್ಲಿಯಿಂದ ಕಾರ್ಯಕ್ರಮ ಮೇಲೆ ಹೋಗಿ, ಉಪಗ್ರಹದಿಂದ ನೇರ ಹಳ್ಳಿಗೆ ಇಳಿಯುತ್ತಿತ್ತು. ಆ ಉಪಗ್ರಹ ಬಹಳ ಶಕ್ತಿಯದು. ಅದಕ್ಕೇ ಕೆಳಗೆ ತಂತಿ ಜಾಳಿಗೆಯ ಸುಮಾರು ಹತ್ತು ಫೂಟಿನ ಛತ್ರಿ ಸಾಕಾಯಿತು. ಮುಂಜಾನೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯದ ಮಾತು, ಅದೂ ಕನ್ನಡದಲ್ಲಿ! ಬೆಂಗಳೂರಿಗೆ ಟಿ.ವಿ. ಬಂದದ್ದು 1981ರಲ್ಲಿ. ಅಂದ್ರ ರಾಜಧಾನಿಗಿಂತ ಆರು ವರ್ಷ ಮೊದಲು ನಮ್ಮಂಥ ಹಳ್ಳಿ ಮಂದಿ ಟಿ.ವಿ. ನೋಡಿದರು.

ಆದರೂ ಅದರಲ್ಲಿ ಒಂದು ಕೊರತೆ ಇತ್ತು. ಹಳ್ಳಿಯವರು ಕೇಳಬಹುದಿತ್ತು, ತಿರುಗಿ ಮಾತಾಡಲು ಆಗುತ್ತಿರಲಿಲ್ಲ. ಎಲ್ಲರಿಗೂ ಒಂದೇ ಸುದ್ದಿ, ಡಂಗುರ ಸಾರಿದಂಗ. ಕಂಪ್ಯೂಟರ್ ಜಾಲ ಈ ಕೊರತೆ ತುಂಬುತ್ತದೆ. ಒಂದು ಕೋಣೆಯಲ್ಲಿ ಹತ್ತು ಕಂಪ್ಯೂಟರ್ ಇದ್ದರೆ ಎಲ್ಲದರ ತಂತಿಯೂ ಸ್ವಿಚ್ ಎಂಬ ಒಂದು ಡಬ್ಬಿಗೆ ಬರುತ್ತದೆ. ಒಂದೊಂದು ಕಂಪ್ಯೂಟರಿಗೆ ಒಂದೊಂದು ನಂಬರ್ ಇರುತ್ತದೆ, ಮನೆ ನಂಬರ್ ಇದ್ದಂಗ. ಸುದ್ದಿಯ ಮೇಲೆ ಯಾರಿಗೆ, ಯಾರಿಂದ ಅಂತ ಎರಡೂ ನಂಬರ್ ಇರುತ್ತವೆ. ಡಬ್ಬಿ ಅದನ್ನು ನೋಡಿ ಆ ಕಂಪ್ಯೂಟರಿಗೇ ಮುಟ್ಟಿಸುತ್ತದೆ. ಉತ್ತರವೂ ಹಾಗೇ ತಿರುಗಿ ಬರುತ್ತದೆ. ವೈಫೈನಲ್ಲಿ ತಂತಿ ಇಲ್ಲ, ರೇಡಿಯೋ ಅಲೆ ಇರುತ್ತದೆ. ಉಳಿದ ರೀತಿ ಹೆಚ್ಚು ಕಡಿಮೆ ಇದೇ.

2004ರಲ್ಲಿ ಇಸ್ರೋ ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಎಂಬ ಉಪಗ್ರಹ ಹಾರಿಸಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠ ಬಂತು. ದೂರದ ವಿದ್ಯಾರ್ಥಿ ಪ್ರಶ್ನೆ ಕೇಳುವಂಥ ಎರಡೂ ಕಡೆಯ ಕೇಂದ್ರಗಳೂ ಕೆಲವು ಕಡೆ ಆದವು. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ನಮ್ಮ ನೌಕೆಗೆ ವಿಕ್ರಮ್ ಎಂದು ಅವರದೇ ಹೆಸರು.

ನನ್ನ ಅಭಿಪ್ರಾಯ ಏನಂದ್ರ, ಚಂದ್ರನ ಮೇಲೆ ಅವರ ಹೆಸರು ಇದ್ದರ ಚೊಲೋನ. ಆದರೆ ಮೊಬೈಲಿನಾಗ ಬರೇ ಬಂದದ್ದನ್ನ ನೋಡಕೋತ ಕುಂತರ ನಾವೂ 1975ರ ಟಿ.ವಿ. ಮುಂದ ಕುಂತಂಗ. ಈಗ ತಿರುಗಿ ಕೇಳಾಕ ದಾರಿ ಐತಿ. ಆದ್ದರಿಂದ ಗೆಳೆಯರೇ, ನೋಡುವುದರ ಜೊತೆಗೆ ಪ್ರಶ್ನೆ ಕೇಳೋಣ, ನಮ್ಮೂರ ಸುದ್ದಿಯನ್ನೂ ಹೊರಗೆ ಕಳಿಸೋಣ ಎಂದು ಹೇಳಿ ನನ್ನ ಲೇಖನ ಮುಗಿಸುತ್ತೇನೆ.

– 7ನೇ ತರಗತಿ, ಯರಗುಪ್ಪಿ