ಕುಮಾರ ಗಂಧರ್ವರು ಕಂಡುಕೊಂಡ ದಾರಿ

ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಕಂಪ್ಯೂಟರ್ ಉದ್ಯೋಗದ ಬಗ್ಗೆ ಬರೆಯಬಲ್ಲವರು ನನ್ನ ಓರಗೆಯವರಲ್ಲಿ ಸಾಕಷ್ಟು ಮಂದಿ ಇದ್ದಾರೆ. ಹಾಗಾಗಿ ನಾನು ಬೇರೆ ವಿಷಯ ಆರಿಸಿಕೊಂಡಿದ್ದೇನೆ. ನಮ್ಮದೇ ಸೀಮೆಯಲ್ಲಿ ಹುಟ್ಟಿ ದೇಶದ ದೊಡ್ಡ ಗಾಯಕರಲ್ಲಿ ಒಬ್ಬರಾದ ಪಂಡಿತ ಕುಮಾರ ಗಂಧರ್ವರ ಬದುಕನ್ನು ಶಾಲೆಯ ಮಕ್ಕಳಿಗೂ ಊರ ಹಿರಿಯರಿಗೂ ನಾಲ್ಕು ಮಾತಿನಲ್ಲಿ ಹೇಳಬೇಕೆಂದಿದ್ದೇನೆ. ಶಾಸ್ತ್ರೀಯ ಸಂಗೀತದ ಬಗ್ಗೆ ಅಧಿಕಾರದಿಂದ ಮಾತನಾಡುವಷ್ಟು ವಿದ್ಯೆ ನನಗಿಲ್ಲ. ಹೊಸ ರಾಗ, ಹೊಸ ಹಾಡು ಕಟ್ಟಲು ಅವರು ತಮ್ಮದೇ ದಾರಿಯನ್ನು ಹೇಗೆ ಕಂಡುಕೊಂಡರು ಎಂಬುದಷ್ಟೇ ನನ್ನ ವಿಷಯ.

ಅವರು ಹುಟ್ಟಿದ್ದು 1924ರ ಏಪ್ರಿಲ್ 8ರಂದು, ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ. ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ. ಮನೆಮಾತು ಕನ್ನಡ. ತಂದೆಗೆ ಸಂಗೀತದ ಹುಚ್ಚು ಬಹಳ. ಹುಡುಗನಿಗೆ ಒಂದು ವಿಚಿತ್ರ ಶಕ್ತಿ ಇತ್ತು. ಗ್ರಾಮಫೋನಿನಲ್ಲಿ ದೊಡ್ಡ ಉಸ್ತಾದರ ಹಾಡು ಕೇಳಿದರೆ ಸಾಕು, ಅವರ ದನಿ, ತಾನು, ಉಸಿರು ತೆಗೆದುಕೊಳ್ಳುವ ರೀತಿ ಎಲ್ಲವನ್ನೂ ಹಾಗೆಯೇ ಹಾಡಿ ತೋರಿಸುತ್ತಿದ್ದ. ಏಳೆಂಟು ವರ್ಷದ ಮಗುವಿನ ಈ ಹಾಡಿಕೆ ಕೇಳಿ ಬೆರಗಾದ ಮಠದ ಸ್ವಾಮಿಗಳೊಬ್ಬರು ಅವನನ್ನು ಕುಮಾರ ಗಂಧರ್ವ ಎಂದು ಕರೆದರು. ಆ ಹೆಸರೇ ನಿಂತಿತು. ಊರೂರುಗಳಲ್ಲಿ ಕಛೇರಿಗಳು ನಡೆದವು, ಜನ ಮುಗಿಬಿದ್ದು ಕೇಳಿದರು.

ಆದರೆ ಅದೆಲ್ಲ ಇನ್ನೊಬ್ಬರ ಹಾಡು. ಮುಂದೆ ತಂದೆ ಮಗನನ್ನು ಮುಂಬಯಿಗೆ ಕರೆದುಕೊಂಡು ಹೋಗಿ ಪ್ರೊಫೆಸರ್ ಬಿ. ಆರ್. ದೇವಧರ ಅವರ ಕೈಗೆ ಒಪ್ಪಿಸಿದರು. ದೇವಧರ ಗುರುಗಳು ಒಂದೇ ಘರಾಣೆಗೆ ಅಂಟಿಕೊಂಡವರಲ್ಲ. ಯಾರ ಹತ್ತಿರ ಒಳ್ಳೆಯದಿದ್ದರೂ ತೆಗೆದುಕೊಳ್ಳಬೇಕು, ತೆಗೆದುಕೊಂಡದ್ದು ಯಾಕೆ ಒಳ್ಳೆಯದು ಎಂದು ವಿಚಾರ ಮಾಡಬೇಕು ಎಂಬುದು ಅವರ ಕ್ರಮ. ಅಲ್ಲಿ ಕುಮಾರರು ನಕಲು ಮಾಡುವುದನ್ನು ಬಿಟ್ಟು ರಾಗದ ವ್ಯಾಕರಣ ಕಲಿತರು. ಇಪ್ಪತ್ತರ ಆಸುಪಾಸಿಗೆ ದೇಶದ ತುಂಬ ಹೆಸರಾದರು. 1947ರಲ್ಲಿ, ಗುರುಗಳಲ್ಲಿಯೇ ಕಲಿಯುತ್ತಿದ್ದ ಭಾನುಮತಿಯವರೊಡನೆ ಮದುವೆಯೂ ಆಯಿತು.

ಅದೇ ಹೊತ್ತಿಗೆ ಕ್ಷಯರೋಗ ಗಂಟುಬಿತ್ತು. ಆಗಿನ ಕಾಲಕ್ಕೆ ಕ್ಷಯ ಎಂದರೆ ಸಾವಿನ ಬಾಗಿಲು. ಒಣ ಹವೆ ಒಳ್ಳೆಯದೆಂದು 1948ರ ಆರಂಭದಲ್ಲಿ ಗಂಡ ಹೆಂಡತಿ ಮಧ್ಯ ಭಾರತದ ದೇವಾಸಕ್ಕೆ ಹೋಗಿ ನೆಲೆಸಿದರು. ಇದು ಇಂದೂರಿನ ಹತ್ತಿರದ, ಮಾಳವ ಪ್ರಾಂತದ ಊರು. ಹಾಡಕೂಡದು ಎಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಭಾನುಮತಿಯವರು ಶಾಲೆಯಲ್ಲಿ ಕೆಲಸ ಮಾಡಿ ಮನೆ ನಡೆಸಿದರು, ಗಂಡನ ಆರೈಕೆ ಮಾಡಿದರು. ಹಾಡುವುದನ್ನು ಬಿಟ್ಟು ಬೇರೇನೂ ಗೊತ್ತಿಲ್ಲದ ಇಪ್ಪತ್ತನಾಲ್ಕರ ತರುಣ ಸುಮಾರು ಐದು ವರ್ಷ ಬಾಯಿ ಮುಚ್ಚಿಕೊಂಡು ಹಾಸಿಗೆಯಲ್ಲಿ ಇರಬೇಕಾಯಿತು.

ಅವರ ದಾರಿ ಶುರುವಾದದ್ದು ಇಲ್ಲಿಂದಲೇ. ಹಾಡಲು ಆಗದಿದ್ದರೂ ಕೇಳಲು ಆಗುತ್ತಿತ್ತು. ಮಾಳವದ ಹೆಣ್ಣುಮಕ್ಕಳು ಮದುವೆಗೆ, ಮಗು ಹುಟ್ಟಿದ್ದಕ್ಕೆ, ಮಳೆಗೆ, ಹಬ್ಬಕ್ಕೆ ಹಾಡುತ್ತಿದ್ದ ಪದಗಳು ಕಿವಿಗೆ ಬೀಳುತ್ತಿದ್ದವು. ಬೀದಿಯಲ್ಲಿ ನಾಥಪಂಥದ ಜೋಗಿಗಳು ಕಬೀರರ ಪದ ಹಾಡುತ್ತ ಹೋಗುತ್ತಿದ್ದರು. ಪಂಡಿತರು ಹಗುರಾಗಿ ಕಾಣುತ್ತಿದ್ದ ಈ ಹಾಡುಗಳನ್ನು ಕುಮಾರರು ದಿನವೂ ಗಮನವಿಟ್ಟು ಕೇಳಿದರು, ಸ್ವರ ಗುರುತಿಸಿ ಬರೆದಿಟ್ಟರು.

ಕೇಳುತ್ತ ಕೇಳುತ್ತ ಒಂದು ಸಂಗತಿ ಅವರಿಗೆ ಹೊಳೆಯಿತು. ಜನಪದ ಹಾಡಿಗೆ ಬೇಕಾಗುವುದು ಮೂರೋ ನಾಲ್ಕೋ ಐದೋ ಸ್ವರ. ನಮ್ಮ ಸೋಬಾನೆ ಪದದಂತೆಯೇ, ಸಾಲು ಸ್ವಲ್ಪ ಮೇಲೇರಿ ಮತ್ತೆ ಕೆಳಗಿಳಿದು ಅಲ್ಲಿಯೇ ಬಂದು ನಿಲ್ಲುತ್ತದೆ. ಆದರೆ ಆ ನಾಲ್ಕು ಸ್ವರಗಳಿಗೂ ಒಂದು ನಡಿಗೆ ಇರುತ್ತದೆ. ಎಲ್ಲಿಂದ ಏಳುತ್ತದೆ, ಯಾವ ಸ್ವರದ ಮೇಲೆ ಕೂರುತ್ತದೆ, ಯಾವುದನ್ನು ಮುಟ್ಟದೆ ದಾಟುತ್ತದೆ, ಹೇಗೆ ಮನೆಗೆ ಮರಳುತ್ತದೆ ಎಂಬುದು ಹಾಡು ಹಾಡಿಗೂ ಬೇರೆ. ಇದೇ ನಡಿಗೆಯನ್ನು ಕೆಡಿಸದೆ ಮುಂದುವರಿಸಿದರೆ ಅದು ಎಲ್ಲಿಗೆ ಹೋಗುತ್ತದೆ ಎಂದು ಅವರು ಕೇಳಿಕೊಂಡರು. ಕೆಲವು ಹಾಡುಗಳಲ್ಲಿ ಆಗಲೇ ಗೊತ್ತಿದ್ದ ರಾಗಗಳ ಬೀಜ ಕಂಡಿತು. ಶಾಸ್ತ್ರದ ರಾಗಗಳು ಹುಟ್ಟಿದ್ದು ಜನರ ಹಾಡಿನಿಂದಲೇ ಎಂಬ ನಂಬಿಕೆ ಅವರಲ್ಲಿ ಬಲವಾಯಿತು. ಇನ್ನು ಕೆಲವು ಯಾವ ರಾಗಕ್ಕೂ ಹೊಂದಲಿಲ್ಲ. ಅಂಥವುಗಳನ್ನು ಬೆಳೆಸಿದಾಗ ಹೊಸ ರಾಗಗಳು ಬಂದವು. ಧುನ್ ಎಂದರೆ ಹಾಡಿನ ಧಾಟಿ. ಅದರಿಂದ ಹುಟ್ಟಿದ್ದರಿಂದ ಇವುಗಳನ್ನು ಧುನ್ ಉಗಮ ರಾಗಗಳೆಂದು ಕರೆದರು. ಮಾಲವತಿ, ಸಂಜಾರಿ, ಲಗನ್ ಗಾಂಧಾರ, ಸಹೇಲಿ ತೋಡಿ ಇಂಥ ಹೆಸರುಗಳು ಇಂದು ಸಂಗೀತಗಾರರಿಗೆಲ್ಲ ಗೊತ್ತು.

ರಾಗ ಸಿಕ್ಕ ಮೇಲೆ ಅದಕ್ಕೆ ಹಾಡು ಬೇಕು. ಶಾಸ್ತ್ರೀಯ ಸಂಗೀತದಲ್ಲಿ ಅದಕ್ಕೆ ಬಂದಿಶ್ ಎನ್ನುತ್ತಾರೆ. ಅದನ್ನೂ ಅವರೇ ಬರೆದರು, ಮಾಳವದ ಆಡುಮಾತನ್ನು ಬಳಸಿ ಬರೆದರು. ಕಲಿತ ವ್ಯಾಕರಣ ಒಂದು ಕೈಯಲ್ಲಿ, ಕೇಳಿದ ಹಾಡು ಇನ್ನೊಂದು ಕೈಯಲ್ಲಿ. ಎರಡರಲ್ಲಿ ಒಂದಿಲ್ಲದಿದ್ದರೂ ಆ ಕೆಲಸ ಆಗುತ್ತಿರಲಿಲ್ಲ.

ಹೊಸದಾಗಿ ಬಂದ ಸ್ಟ್ರೆಪ್ಟೊಮೈಸಿನ್ ಔಷಧಿಯಿಂದ ರೋಗ ಇಳಿಯಿತು. 1953ರ ಹೊತ್ತಿಗೆ ಅವರು ಮತ್ತೆ ವೇದಿಕೆ ಹತ್ತಿದರು. ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿತ್ತು. ಉದ್ದ ಉಸಿರಿನ ತಾನುಗಳ ಬದಲು ಚಿಕ್ಕ ಚಿಕ್ಕ, ಚುರುಕಾದ ಮಾತುಗಳಂತೆ ಸ್ವರಗಳನ್ನು ಇಟ್ಟು, ನಡುವಿನ ಮೌನವನ್ನೂ ಹಾಡಿಗೆ ಸೇರಿಸಿಕೊಂಡರು. ಜೋಗಿಗಳಿಂದ ಕೇಳಿದ ಕಬೀರರ ನಿರ್ಗುಣ ಪದಗಳನ್ನು ಕಛೇರಿಗೆ ತಂದರು. ಮಳೆಗಾಲದ ಹಾಡುಗಳನ್ನೇ ಪೋಣಿಸಿ ಗೀತ ವರ್ಷಾ ಎಂಬ ಕಾರ್ಯಕ್ರಮ ಮಾಡಿದರು. ತಮ್ಮ ರಾಗಗಳನ್ನೂ ಬಂದಿಶ್‌ಗಳನ್ನೂ ಅನೂಪ ರಾಗ ವಿಲಾಸ ಎಂಬ ಪುಸ್ತಕದಲ್ಲಿ ಕೊಟ್ಟರು. ಗಾಂಧೀಜಿಯವರ ಜನ್ಮಶತಾಬ್ದಿಗೆ ಗಾಂಧಿ ಮಲ್ಹಾರ ಎಂಬ ರಾಗ ಕಟ್ಟಿದರು.

ಎಲ್ಲರೂ ಮೆಚ್ಚಲಿಲ್ಲ. ಘರಾಣೆಯ ಶಿಸ್ತು ಇಲ್ಲವೆಂದು ಸಂಪ್ರದಾಯಸ್ಥರು ಆಕ್ಷೇಪಿಸಿದರು. 1961ರಲ್ಲಿ ಎರಡನೆಯ ಮಗುವಿನ ಹೆರಿಗೆಯ ಹೊತ್ತಿಗೆ ಭಾನುಮತಿಯವರು ತೀರಿಕೊಂಡರು. ಇದನ್ನೆಲ್ಲ ದಾಟಿ ಅವರು ಹಾಡಿದರು. ಮುಂದೆ ಅವರ ಬಾಳಸಂಗಾತಿಯಾದ ವಸುಂಧರಾ ಕೋಮಕಾಳಿಯವರು ಹಾಡಿನಲ್ಲಿಯೂ ಜೊತೆಯಾದರು. 1990ರಲ್ಲಿ ಪದ್ಮವಿಭೂಷಣ ಬಂತು. 1992ರ ಜನವರಿ 12ರಂದು ದೇವಾಸದಲ್ಲಿಯೇ ಕಣ್ಣು ಮುಚ್ಚಿದರು. ಬೆಳಗಾವಿಯ ರಂಗಮಂದಿರಕ್ಕೆ ಅವರ ಹೆಸರಿದೆ.

ನನ್ನ ಉದ್ಯೋಗದಲ್ಲಿ ಸಿದ್ಧ ಪ್ರೋಗ್ರಾಂ ತುಣುಕುಗಳು ಬೇಕಾದಷ್ಟು ಸಿಗುತ್ತವೆ. ತಂದು ಜೋಡಿಸಿದರೆ ಕೆಲಸವೂ ನಡೆಯುತ್ತದೆ. ಆದರೆ ಯಾರೂ ಬಿಡಿಸದ ಸಮಸ್ಯೆ ಎದುರಾದಾಗ ನಕಲು ನಡೆಯುವುದಿಲ್ಲ. ಎದುರಿಗಿರುವುದನ್ನೇ ತಾಳ್ಮೆಯಿಂದ ನೋಡಬೇಕಾಗುತ್ತದೆ. ಕುಮಾರರ ಬದುಕಿನಲ್ಲಿ ನನಗೆ ಕಾಣುವ ಕ್ರಮವೂ ಅದೇ. ಮೊದಲು ನಕಲು, ಆಮೇಲೆ ವ್ಯಾಕರಣ, ಆಮೇಲೆ ಕಿವಿಗೊಟ್ಟು ಕೇಳುವುದು. ಸ್ವಂತದ್ದು ಹುಟ್ಟುವುದು ಕೊನೆಗೆ. ನಕಲಿನಲ್ಲಿಯೇ ನಿಂತಿದ್ದರೆ ಬಾಲಪ್ರತಿಭೆ ಎಂದು ನಾಲ್ಕು ದಿನ ಹೊಗಳಿಸಿಕೊಂಡು ಮರೆಯಾಗುತ್ತಿದ್ದರು.

ಅವರಿಗೆ ಹಾಡಿನ ಬೀಜ ಸಿಕ್ಕಿದ್ದು ದೂರದ ಮಾಳವದಲ್ಲಿ. ನಮಗೆ ಅಷ್ಟು ದೂರ ಹೋಗುವ ಕಾರಣವೇ ಇಲ್ಲ. ಬೀಸುವ ಪದ, ಸೋಬಾನೆ, ಜೋಗುಳ, ಗುರ್ಜಿಯ ಹಾಡು, ಡೊಳ್ಳಿನ ಪದ, ಮೊಹರಮ್ಮಿನ ರಿವಾಯತ ಪದ, ಶ್ರೀಕೃಷ್ಣ ಪಾರಿಜಾತದ ಮಟ್ಟುಗಳು ಇವೆಲ್ಲ ನಮ್ಮ ಸೀಮೆಯ ಆಸ್ತಿ. ಆದರೆ ಬೀಸುವ ಕಲ್ಲು ಹೋಗಿ ಗಿರಣಿ ಬಂದ ಮೇಲೆ ಬೀಸುವ ಪದಕ್ಕೆ ಹೊತ್ತೇ ಇಲ್ಲದಂತಾಯಿತು. ನಮ್ಮ ಆಯಿ ಹಾಡುತ್ತಿದ್ದ ಪದಗಳಲ್ಲಿ ಅವ್ವನಿಗೆ ಪೂರ್ತಿ ಬರುವುದು ಎರಡು. ನನಗೆ ಧಾಟಿ ಮಾತ್ರ ನೆನಪಿದೆ, ಮಾತು ಇಲ್ಲ. ಒಂದೊಂದು ಮನೆಯಲ್ಲಿಯೂ ಇದೇ ಲೆಕ್ಕವಾದರೆ ಇನ್ನು ಇಪ್ಪತ್ತು ವರ್ಷಕ್ಕೆ ಏನು ಉಳಿದೀತು?

ಆದ್ದರಿಂದ ಈಗ ಓದುತ್ತಿರುವ ಮಕ್ಕಳಲ್ಲಿ ಒಂದು ವಿನಂತಿ. ಮನೆಯಲ್ಲಿ ಆಯಿ, ಮುತ್ತ್ಯಾ ಇದ್ದರೆ ಮೊಬೈಲಿನಲ್ಲಿ ಅವರ ಒಂದು ಹಾಡು ಮುದ್ರಿಸಿಕೊಳ್ಳಿ. ಯಾವ ಸಂದರ್ಭದ ಹಾಡು, ಯಾರಿಂದ ಕಲಿತದ್ದು ಎಂದು ವಹಿಯಲ್ಲಿ ಬರೆದಿಡಿ. ವರ್ಷಕ್ಕೆ ಒಂದು ತರಗತಿಯಿಂದ ಹತ್ತು ಹಾಡು ಬಂದರೂ ಶಾಲೆಯ ಗ್ರಂಥಾಲಯದಲ್ಲಿ ಒಂದು ಕಣಜ ತುಂಬುತ್ತದೆ. ಹಳೆಯ ವಿದ್ಯಾರ್ಥಿಗಳು ಅದನ್ನು ಕಂಪ್ಯೂಟರಿನಲ್ಲಿ ಜೋಪಾನವಾಗಿಡುವ ಕೆಲಸಕ್ಕೆ ಕೈಜೋಡಿಸಬಹುದು. ನಾನಂತೂ ಸಿದ್ಧನಿದ್ದೇನೆ. ಮುಂದೆ ಈ ಶಾಲೆಯ ಯಾವುದೋ ಮಗು ಹೊಸ ಹಾಡು ಕಟ್ಟಲು ಕುಳಿತಾಗ ಅದಕ್ಕೆ ಕೇಳಲು ಏನಾದರೂ ಇರಲಿ.